ಅಂತರಗಂಗೆಯ ಮೇಲೆ ತೇಲಿ ಬಂದ ನನ್ನ ಸೀರೆ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಸಂಡೂರಿನಿಂದ ಕಂಪ್ಲಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ನನಗೆ ಒಂದು ವರ್ಷ ತುಂಬಿತ್ತು. ಗುಡ್ಡ, ಕೆಂಪು ಧೂಳು ನೋಡಿ ಬೆಳೆದವಳಿಗೆ ಇಲ್ಲಿ ಮನೆ ಮುಂದೆಯೇ ಕಾಲುವೆ, ಎತ್ತ ನೋಡಿದರೂ ಭತ್ತದ ಗದ್ದೆ. ನನ್ನ ಪುಣ್ಯಕ್ಕೆ ನಾನೇ ಹಿಗ್ಗುತ್ತಿದ್ದೆ.

ಇದ್ದ ಕಾಟ ಒಂದೇ, ಅಂತರಗಂಗೆ. ನೀರಿನ ಮೇಲೆ ಬೆಳೆಯುವ ಈ ಕಳೆ ಮಳೆಗಾಲದಲ್ಲಿ ಚಾಪೆ ಚಾಪೆಯಾಗಿ ತೇಲಿ ಬಂದು, ಸೇತುವೆ ದಾಟಿದ ಕೂಡಲೇ ಸಿಗುವ ಕಾಲುವೆ ಗೇಟಿಗೆ ಅಡರಿಕೊಳ್ಳುತ್ತಿತ್ತು. ಆಗ ಕೆಳಗಿನ ಗದ್ದೆಗಳಿಗೆ ನೀರಿಲ್ಲ, ಮೇಲೆ ದಂಡೆ ಒಡೆಯುವ ಭಯ. ಅದು ಬರುವ ಹೊತ್ತು ಮೊದಲೇ ತಿಳಿಯಲಿ ಎಂದು ನಮ್ಮ ಮನೆಯವರು, ಅವರ ಗೆಳೆಯರು ಒಂದು ಉಪಾಯ ಮಾಡಿದ್ದರು. ಒಬ್ಬರು ಸೈಕಲ್ ಮೇಲೆ ಮೇಲಿನ ಊರಿಗೆ ಹೋಗಿ, ಎಲ್ಲಕ್ಕಿಂತ ಮುಂದಿರುವ ಚಾಪೆಗೆ ಬಟ್ಟೆ ಕಟ್ಟಿ ಬಿಡುವುದು. ಆ ಬಟ್ಟೆ ಇಲ್ಲಿ ಕಂಡಿತೆಂದರೆ ಹಿಂದಿನ ರಾಶಿ ಬಂತೆಂದೇ ಲೆಕ್ಕ. ಉಳಿದವರು ಗಳ, ಕೊಕ್ಕೆ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದರು.

ಮೊದಲು ಬಿಳಿ ಪಂಚೆ ಕಟ್ಟಿದ್ದರು. ಆದರೆ ಕಳೆಯ ಮೇಲೆ ಬೆಳ್ಳಕ್ಕಿಗಳೂ ಕೂತು ಬರುತ್ತಿದ್ದವು. ಯಾವುದು ಪಂಚೆ, ಯಾವುದು ಹಕ್ಕಿ ಎಂದು ದೂರದಿಂದ ತಿಳಿಯದೆ ಫಜೀತಿಯಾಯಿತು. ಹಾಗಾಗಿ ಕೆಂಪು ಬಟ್ಟೆ ಬೇಕೆಂದರು. ಬಂಡಿ ಗಾಲಿಗೆ ಸಿಕ್ಕಿ ಹರಿದಿದ್ದ ನನ್ನ ಕೆಂಪು ಇಳಕಲ್ ಸೀರೆಯನ್ನು ಅತ್ತೆ ತೆಗೆದುಕೊಟ್ಟರು. ಮದುವೆಯಾದ ಮೊದಲ ಪಂಚಮಿಗೆ ಅಪ್ಪ ಕೊಡಿಸಿದ್ದ ಸೀರೆ ಅದು.

ಅಪ್ಪ ಗಣಿ ಕೆಲಸದ ಮನುಷ್ಯ, ಮಾತು ಕಡಿಮೆ. ನನ್ನನ್ನು ಗಂಡನ ಮನೆಗೆ ಕಳಿಸುವಾಗ ಊರೆಲ್ಲ ಅತ್ತರೂ ಅವನ ಕಣ್ಣು ಒದ್ದೆಯಾಗಿರಲಿಲ್ಲ. ನನಗೆ ಒಳಗೊಳಗೇ ಸಿಟ್ಟಿತ್ತು.

ಆ ಸೀರೆ ಕಟ್ಟಿ ಬಿಟ್ಟ ದಿನವೇ ಅಪ್ಪ ಹೇಳದೆ ಕೇಳದೆ ನನ್ನನ್ನು ನೋಡಲು ಬಂದು ಸೇತುವೆ ಹತ್ತಿರ ಬಸ್ಸಿಳಿದಿದ್ದಾನೆ. ಅದೇ ಹೊತ್ತಿಗೆ ಸೀರೆಯೂ ತೇಲಿ ಬಂದಿದೆ, ಗಾಳಿಗೆ ಉಬ್ಬಿಕೊಂಡು, ಅರ್ಧ ಕಳೆಯೊಳಗೆ, ಅರ್ಧ ಹೊರಗೆ. ಬಸ್ಸಿನವರಿಗೆ ನಮ್ಮೂರ ಉಪಾಯ ಏನು ಗೊತ್ತು? ಯಾರೋ ಹೆಣ್ಣುಮಗಳು ಕಾಲುವೆಗೆ ಬಿದ್ದಾಳೆ ಎಂದು ಕೂಗಿದರಂತೆ. ಅಪ್ಪ ಬಗ್ಗಿ ನೋಡಿದ. ಸೀರೆಯ ಗುರುತು ಸಿಕ್ಕಿತು. ಕೈಚೀಲ ಒಗೆದು ಜಿಗಿದೇಬಿಟ್ಟ. ಅವನಿಗೆ ಈಜು ಬರುತ್ತಿರಲಿಲ್ಲ.

ನಾನು ಗೇಟಿನ ಹತ್ತಿರ ಇದ್ದವರಿಗೆ ರೊಟ್ಟಿ ಬುತ್ತಿ ಹೊತ್ತು ಹೊರಟಿದ್ದೆ. ಹೋಗಿ ನೋಡಿದರೆ ದಂಡೆ ಮೇಲೆ ಗುಂಪು. ನಮ್ಮ ಮನೆಯವರು ಯಾರನ್ನೋ ಕೊಕ್ಕೆ ಹಾಕಿ ಎಳೆದು ಮಲಗಿಸಿದ್ದರು. ಕುತ್ತಿಗೆಗೆ, ತೋಳಿಗೆ ಕಳೆಯ ಬೇರು ಸುತ್ತಿಕೊಂಡಿತ್ತು, ಬಾಯಿಂದ ನೀರು ಬರುತ್ತಿತ್ತು, ಮುಷ್ಟಿಯಲ್ಲಿ ನನ್ನ ಸೀರೆ. ಮುಖ ನೋಡಿದೆ, ಅಪ್ಪ. ತಲೆ ಮೇಲಿನ ಬುತ್ತಿ ಯಾವಾಗ ಬಿತ್ತೋ ಗೊತ್ತಿಲ್ಲ.

ಅವನು ಕಣ್ಣು ಬಿಟ್ಟ. ನನ್ನನ್ನು ಕಂಡವನೇ ಬೆಚ್ಚಿ ಹಿಂದೆ ಸರಿದ. ಆಮೇಲೆ ಮುಂಗೈ ಹಿಡಿದು ಬಳೆಗಳನ್ನು ಒತ್ತಿ ಒತ್ತಿ ನೋಡಿದ. ಕೆನ್ನೆಗೆ ಛಟಾರನೆ ಒಂದು ಬಿಗಿದ. ಹೊಡೆದವನೇ ನನ್ನ ಮಡಿಲಲ್ಲಿ ಮುಖ ಇಟ್ಟು ಸಣ್ಣ ಮಗುವಿನ ಹಾಗೆ ಅತ್ತ. ಗುಂಪಿನಲ್ಲಿ ಯಾರೋ ನಕ್ಕರು. ನಮ್ಮ ಮನೆಯವರು ಅವರನ್ನು ಗದರಿಸಿ ಕಳಿಸಿದರು.

ಸಂಜೆ ಚಹಾ ಕೊಡುವಾಗ ಕೇಳಿದೆ. “ಈಜಾಕ ಬರಂಗಿಲ್ಲಂತ ಗೊತ್ತಿದ್ದೂ ಯಾಕ ಜಿಗಿದಿ ಅಪ್ಪಾ? ಅಷ್ಟು ನೀರು ಐತಿ.”

“ನೀರು ಯಾರು ನೋಡಿದ್ರವ್ವಾ” ಎಂದ ಅಪ್ಪ. “ನೀ ಹೊಂಟಿದ್ದಿ.”

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನಿಗೆ ನನ್ನ ಮೇಲೆ ಪ್ರೀತಿ ಇತ್ತೋ ಇಲ್ಲವೋ ಎಂದು ಆ ದಿನದ ನಂತರ ನಾನು ಒಮ್ಮೆಯೂ ಕೇಳಿಕೊಂಡಿಲ್ಲ. ಆದರೆ ಕಾಲುವೆಯಲ್ಲಿ ಹಸಿರು ತೇಲಿ ಬರುವುದು ಕಂಡರೆ ಇವತ್ತಿಗೂ ಸೇತುವೆ ಮೇಲೆ ನಿಲ್ಲಲು ನನ್ನಿಂದ ಆಗುವುದಿಲ್ಲ.