ಗಿಡದ ಬುಡಕ್ಕೆ ಬಿದ್ದ ಹಾಲು

ವೈಟ್‌ಫೀಲ್ಡ್‌ನ ನಮ್ಮ ಆಫೀಸಿನಲ್ಲಿ ತಾಯಂದಿರ ಕೋಣೆಯ ಬಾಗಿಲು ತೆರೆದಾಗ, ಕಸ ಗುಡಿಸುವ ಅಕ್ಕ ಸ್ಟೀಲ್ ಲೋಟದಿಂದ ಗಿಡದ ಕುಂಡಕ್ಕೆ ಹಾಲು ಸುರಿಯುತ್ತಿದ್ದರು. ಅವರದೇ ಎದೆಹಾಲು, ಮುಕ್ಕಾಲು ಲೋಟ! ಅರ್ಧ ಗಂಟೆ ಪಂಪ್ ಹಿಡಿದು ಕೂತರೂ ನನಗೆ ಬಾಟಲಿಯ ತಳ ಮುಚ್ಚುವಷ್ಟೇ ಬರುತ್ತಿತ್ತು. ಮಗುವಿಗೆ ಪೌಡರ್ ಹಾಲು ಕೊಡಬೇಕಾಗುತ್ತದಲ್ಲ ಎಂದು ವಾರದಿಂದ ಅಳುತ್ತಿದ್ದೆ.

"ಅಯ್ಯೋ, ಯಾಕಕ್ಕಾ ಚೆಲ್ತಿದ್ದೀರಾ?"

"ಹಾಲಿಡೋ ಈ ಫ್ರಿಜ್ ನಾವು ಕೆಲಸದೋರು ಮುಟ್ಟಂಗಿಲ್ವಲ್ಲ ಮೇಡಂ. ಸಿಂಕಿಗೆ ಚೆಲ್ಲಿದ್ರೆ ಹಾಲು ಬತ್ತೋಗುತ್ತೆ ಅಂತಾರೆ, ಅದ್ಕೇ ಗಿಡಕ್ಕೆ ಹಾಕ್ತೀನಿ. ಮನೇಲಿ ಮಗು ಪೌಡರ್ ಹಾಲೇ ಕುಡಿಯೋದು," ಎಂದು ಲೋಟ ತೊಳೆದುಕೊಂಡು ಹೋದರು.

ಆ ಸಂಜೆ ನಾನೂ ಪೌಡರ್ ಡಬ್ಬಿ ಕೊಂಡೆ. ಅಳು ಬರಲಿಲ್ಲ. ಆಫೀಸಿನಿಂದ ಹೊರಡುವ ಮುಂಚೆ ನಾನು ತೆರೆದ ಆ ಫ್ರಿಜ್ ಮಾತ್ರ ಕಣ್ಣಿಂದ ಹೋಗುತ್ತಿಲ್ಲ. ನನ್ನದೊಂದು ಬಾಟಲಿ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.