ಡ್ರಮ್ಮಿನ ಮೇಲೆ ಉಡಿಯಕ್ಕಿ

ನನ್ನ ಮೊಮ್ಮಗಳು ಡ್ರಮ್ ಬಾರಿಸುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಾನು ಮೂರನೇ ಇಯತ್ತೆ ಓದಿದವಳು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಸಂತೋಷ ಮಾತ್ರ ತಪ್ಪಿಲ್ಲದೆ ಬರೆದಿದ್ದೇನೆ.

ರಾಕ್ ಸಂಗೀತವನ್ನು ನಾನು ಮೊದಲು ಕಂಡದ್ದು ಹತ್ತಿಮತ್ತೂರಿನ ನಮ್ಮ ಮನೆಯ ಟಿವಿಯಲ್ಲಿ. ಸಂಜೆ ನಾನು ಧಾರಾವಾಹಿ ನೋಡುತ್ತೇನೆ. ನೋಡುತ್ತೇನೆ ಅನ್ನುವುದಕ್ಕಿಂತ ನಡೆಸಿಕೊಡುತ್ತೇನೆ ಅನ್ನಬೇಕು, ಯಾಕೆಂದರೆ ಅದರಲ್ಲಿ ಯಾರು ಎಲ್ಲಿ ತಪ್ಪಿದರೂ ಕುಳಿತಲ್ಲಿಂದಲೇ ಬುದ್ಧಿ ಹೇಳುತ್ತೇನೆ. ಜಾಹೀರಾತು ಬಂತೆಂದರೆ ಮೊಮ್ಮಗಳು ಮೊಬೈಲಿನಿಂದ ಏನೋ ಮಾಡಿ ಅದೇ ಟಿವಿಯಲ್ಲಿ ತನ್ನ ಹಾಡು ಹಚ್ಚುತ್ತಿದ್ದಳು. ಉದ್ದ ಕೂದಲಿನ ಗಂಡಸರು ಮೈಮೇಲೆ ದೇವರು ಬಂದವರ ಹಾಗೆ ತಲೆ ಕೊಡವುತ್ತ ಗಿಟಾರ್ ಬಾರಿಸುವರು. ಒಬ್ಬ ಚೀರಿದ್ದು ಕೇಳಿ, ಇವನಿಗೆ ಮನೆಯಲ್ಲಿ ಮೆಣಸಿನ ಕಷಾಯ ಕಾಸಿಕೊಡುವವರು ಯಾರೂ ಇಲ್ಲವೇ ಎಂದು ನನಗೆ ಕರುಳು ಚುರ್ ಎಂದಿತು. ಅಂಗಿ ಯಾಕೆ ಹಾಕಿಲ್ಲ ಎಂದು ಕೇಳಿದೆ. ಸೆಕೆ ಎಂದಳು. ನಾಲ್ಕೈದು ವಾರ ಹೀಗೇ ನಡೆಯಿತು. ಆಮೇಲೆ ನನಗೇನಾಯಿತೋ, ಧಾರಾವಾಹಿ ಮತ್ತೆ ಶುರುವಾದರೂ, "ಇರಲಿ ಬಿಡು, ಆ ಗಡ್ಡದಾಂವ ಮುಗಿಸಲಿ" ಅನ್ನತೊಡಗಿದೆ.

ಮೊಮ್ಮಗಳು ಶಿಗ್ಗಾವಿಯಲ್ಲಿ ಕಾಲೇಜು ಓದುತ್ತಾಳೆ. ಅಲ್ಲಿಯೇ ಗೆಳತಿಯ ಮನೆಯಲ್ಲಿ ಡ್ರಮ್ ಇಟ್ಟುಕೊಂಡು, ಮೂವರು ಹುಡುಗರ ಜೊತೆ ತಂಡ ಕಟ್ಟಿದ್ದಳು. ಅವಳಪ್ಪನಿಗೆ, ಅಂದರೆ ನನ್ನ ಮಗನಿಗೆ, ಇದು ಗೊತ್ತಾದ ದಿನ ಅವನು ರೊಟ್ಟಿ ಬಿಟ್ಟು ಎದ್ದ. ಬ್ಯಾಡ ಅಂದ, ಅವಳು ಅತ್ತಳು, ನಾನು ನಡುವೆ ಬಾಯಿ ಹಾಕಿದೆ. ಕಡೆಗೆ ಒಂದು ಕರಾರು ಮಾಡಿದ.

"ಕಾಲೇಜ್ ಮೈದಾನದಾಗ ಒಮ್ಮೆ ಬಾರ್ಸು. ನಾನೂ ಬಂದು ನಿಂದರತೇನಿ. ಮಂದಿ ನಕ್ರು ಅಂದ್ರ, ಮರುದಿನದಿಂದ ಬಂದ್."

ಅವಳು ಒಪ್ಪಿದಳು. ನನ್ನನ್ನು ಮಾತ್ರ ಅಡಿಗೆಮನೆಗೆ ಕರೆದುಕೊಂಡು ಹೋಗಿ, ಟಿವಿಯ ಮುಂದೆ ಮಾತಾಡಿದ ಹಾಗೆ ಅಲ್ಲಿ ಮಾತಾಡಬಾರದು ಎಂದು ಆಣೆ ಹಾಕಿಸಿಕೊಂಡಳು. ನಾನು ಆ ಮಾತು ಉಳಿಸಿಕೊಂಡೆ. ಒಂದು ಮಾತೂ ಆಡಲಿಲ್ಲ.

ಆ ಸಂಜೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಟಿವಿಯ ಹಾಡು ಕಿವಿಗೆ ಬರುತ್ತದೆ, ಇಲ್ಲಿ ಅಂಗಾಲಿನಿಂದ ಹತ್ತಿತು. ಮೊಣಕಾಲು, ಹೊಟ್ಟೆ, ಆಮೇಲೆ ನನ್ನ ಅಲುಗಾಡುವ ಹಲ್ಲು. ದನಿ ಕಡಿಮೆ ಮಾಡೋಣವೆಂದು ನನ್ನ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ರಿಮೋಟ್ ಹುಡುಕಿತು. ಎರಡನೇ ಹಾಡಿಗೆ ಹುಡುಕುವುದನ್ನು ಬಿಟ್ಟಿತು. ಮೂರನೆಯದರಲ್ಲಿ ಮೊಮ್ಮಗಳು ಬಾರಿಸಿದ್ದನ್ನು ನೋಡಿ, ಬೀಸುಕಲ್ಲು ತಿರುವಲಿಕ್ಕೂ ಬೇಜಾರು ಮಾಡುವ ತೋಳುಗಳೇ ಇವು ಅನ್ನಿಸಿತು. ಕಣ್ಣಲ್ಲಿ ನೀರು ಬಂತು.

ನಮ್ಮ ಕಡೆ ನಾಟಕದಲ್ಲಿ ಒಂದು ಪಾತ್ರ ಮನಸ್ಸಿಗೆ ಬಂದರೆ, ಆಟದ ನಡುವೆಯೇ ಯಾರಾದರೂ ಸ್ಟೇಜ್ ಹತ್ತಿ ಆಯೇರಿ ಮಾಡುತ್ತಾರೆ. ಟವೆಲ್ಲೋ ಸೀರೆಯೋ ಕೊಡುತ್ತಾರೆ, ಪಾತ್ರದವರು ನಿಂತು ತೆಗೆದುಕೊಂಡು ಆಟ ಮುಂದುವರಿಸುತ್ತಾರೆ. ಯಾರೂ ಹತ್ತದಿದ್ದರೆ ಅದು ಆ ಕಲಾವಿದರಿಗೆ ಅವಮಾನ. ಇಲ್ಲಿ ಮೈದಾನ ತುಂಬ ಮಂದಿ ಕುಣಿಯುತ್ತಿದ್ದರು, ಹತ್ತುವವರು ಒಬ್ಬರೂ ಇಲ್ಲ. ನನ್ನ ಕೈಚೀಲದಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಹೊಲಿಸುವ ಕುಬಸದ ಕಣ ಎಲ್ಲ ಇತ್ತು. ಮನೆಗೆ ಹೋದ ಮೇಲೆ ಅವಳ ಮಡಿಲಿಗಿಟ್ಟು ಉಡಿ ತುಂಬೋಣವೆಂದು ತಂದದ್ದು. ಮಗ್ಗುಲಿನ ಮೆಟ್ಟಿಲು ಹತ್ತಿದೆ.

ಮೊದಲು ಗಿಟಾರ್ ನಿಂತಿತು. ಆಮೇಲೆ ಹಾಡುವ ಹುಡುಗ ನಿಂತ. ಆಮೇಲೆ ಒಬ್ಬ ನಕ್ಕ, ಆಮೇಲೆ ಮೈದಾನವೇ ನಕ್ಕಿತು. ಅಷ್ಟು ಹೊತ್ತಿಗೆ ನನಗೆ ಮಗನ ಕರಾರು ನೆನಪಾಯಿತು. ಮಂದಿಯ ಹಿಂದುಗಡೆ ಕೈ ಕಟ್ಟಿ ನಿಂತ ಅವನು ಅಲ್ಲಿಂದ ಸ್ವಚ್ಛ ಕಾಣುತ್ತಿದ್ದ. ಮೊಮ್ಮಗಳ ಡ್ರಮ್ಮಿಗೆ ನಾನೇ ನನ್ನ ಕೈಯಾರೆ ಮಣ್ಣು ಹಾಕಿದೆನಲ್ಲ ಎಂದು ಕೈಚೀಲವನ್ನು ಎದೆಗೆ ಅವಚಿಕೊಂಡೆ. ಹಿಂದಕ್ಕೆ ಇಳಿಯಲಿಕ್ಕೂ ಆಗಲಿಲ್ಲ.

ನಿಲ್ಲದೆ ಇದ್ದದ್ದು ಮೊಮ್ಮಗಳೊಬ್ಬಳೇ. ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿದಳು. ದೊಡ್ಡ ಡ್ರಮ್ಮನ್ನು ಕಾಲಿನಿಂದ ದುಮ್, ದುಮ್ ಎಂದು ಬಾರಿಸುತ್ತಲೇ ಬಾಗಿ, ಸೆರಗಿಲ್ಲದ್ದಕ್ಕೆ ಟೀ ಶರ್ಟಿನ ಅಂಚನ್ನೇ ಎರಡೂ ಕೈಯಿಂದ ಹಿಡಿದು ಒಡ್ಡಿದಳು.

"ತುಂಬು ಆಯಿ. ತಾಳಕ್ಕ ತುಂಬು."

ಒಂದು ದುಮ್ಮಿಗೆ ಒಂದು ಹಿಡಿ. ಎರಡನೆಯದಕ್ಕೆ ಮಂದಿ ಎಣಿಸತೊಡಗಿದರು. ಐದು ಹಿಡಿ ತುಂಬಿ, ಕುಬಸ ಇಟ್ಟು, ಕಾಯಿ ಇಟ್ಟೆ. ತಾಳಕ್ಕೆ ಕೈ ಹೊಂದಿಸುವ ಅವಸರದಲ್ಲಿ ಅರ್ಧ ಅಕ್ಕಿ ಡ್ರಮ್ಮುಗಳ ಮೇಲೆಯೇ ಬಿದ್ದಿತ್ತು. ಅವಳು ಉಡಿಯಲ್ಲಿದ್ದದ್ದನ್ನು ಪಕ್ಕದಲ್ಲಿ ಇಳಿಸಿ ಕೋಲು ತೆಗೆದು ಬಾರಿಸಿದ ಕೂಡಲೇ ಆ ಕಾಳುಗಳು ಅವಳ ಹಣೆಯ ಮಟ್ಟಕ್ಕೆ ಹಾರಿದವು. ಪ್ರತಿ ಪೆಟ್ಟಿಗೂ ಹಾರಿದವು. ಮೈದಾನ ಕೂಗಿತು. ನಾನು ಇಳಿಯುವುದನ್ನು ಮರೆತು ಹಾಡು ಮುಗಿಯುವ ತನಕ ಅಲ್ಲೇ ನಿಂತೆ.

ವಾಪಸ್ ಬರುವಾಗ ಬಂಕಾಪುರ ದಾಟಿದೆವು. ಗಾಡಿಯಲ್ಲಿ ನಾನೇ ಮಾತು ತೆಗೆದೆ.

"ಮಂದಿ ನಕ್ಕಿದ್ದು ನನ್ನ ನೋಡಿ ಯಪ್ಪಾ. ಆಕೀನ ನೋಡಿ ಅಲ್ಲ."

"ಗೊತ್ತೈತಿ," ಅಂದ ಮಗ. "ಐದನೇ ಹಿಡಿ ನೀ ತಡಾ ಮಾಡಿದಿ. ಆಕಿ ತಾಳ ಬಿಡಲಿಲ್ಲ."

ಎಣಿಸಿದ್ದಾನೆ ಎಂದಾಯಿತು. ಹಿಂದಿನ ಸೀಟಿನಲ್ಲಿ ಮೊಮ್ಮಗಳು ನನ್ನ ಭುಜ ಹಿಂಡಿದ್ದು ಇನ್ನೂ ನೋಯುತ್ತದೆ.

ಮುಂದಿನ ರವಿವಾರ ಅವನೇ ಶಿಗ್ಗಾವಿಗೆ ಹೋಗಿ ಡ್ರಮ್ಮುಗಳನ್ನು ಮನೆಗೆ ತಂದು ಪಡಸಾಲೆಯಲ್ಲಿ ಇಳಿಸಿದ. ಮೊಮ್ಮಗಳು ಒಳಗೆ ಚಹಾ ಮಾಡುತ್ತಿದ್ದಳು. ಯಾರೂ ನೋಡುತ್ತಿಲ್ಲವೆಂದುಕೊಂಡು, ಸಣ್ಣ ಡ್ರಮ್ಮನ್ನು ಎರಡು ಬೆರಳಿನಿಂದ ಒಮ್ಮೆ ತಟ್ಟಿದ, ಕಿವಿ ಕೊಟ್ಟು ಕೇಳಿದ, ಮತ್ತೊಮ್ಮೆ ತಟ್ಟಿದ. ನಾನು ಟಿವಿ ನೋಡುವವಳ ಹಾಗೆ ಅಲ್ಲಾಡದೆ ಕುಳಿತಿದ್ದೆ. ಟಿವಿ ಹಚ್ಚಿರಲಿಲ್ಲ.