ಎಣ್ಣೆ ಹಚ್ಚಿದ ಕೆನ್ನೆ

ಶೇಡಬಾಳದಿಂದ ತಂದಿದ್ದ ಆ ನವಜಾತ ಶಿಶು ಉಸಿರಿಗಾಗಿ ಒದ್ದಾಡುತ್ತಿತ್ತು. ನಮ್ಮ ಐಸಿಯುನಲ್ಲಿ ಅಂದು ನಾನೇ ಡಾಕ್ಟರ್. ಗಂಟಲಿಗೆ ಉಸಿರಿನ ನಳಿಕೆ ಇಳಿಸಿದೆ; ಎದೆ ಎರಡೂ ಕಡೆ ಸಮನಾಗಿ ಏರಿತು. ಆದರೆ ನಳಿಕೆಯನ್ನು ಅಲುಗದಂತೆ ಹಿಡಿಯಬೇಕಾದ ಅಂಟುಪಟ್ಟಿ ಕೆನ್ನೆಗೆ ಕೂರಲಿಲ್ಲ. ಬೆಳಿಗ್ಗೆಯಷ್ಟೇ ಅಜ್ಜಿ ಕೂಸಿನ ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿದ್ದರು.

ನಳಿಕೆ ತುಸು ಜಾರಿದರೂ ಕೂಸಿನ ಉಸಿರು ನಿಲ್ಲಬಹುದಿತ್ತು. ಅದನ್ನು ತುಟಿಯ ಬಳಿ ಬೆರಳಿನಿಂದ ಹಿಡಿದು ನಿಂತೆ. ಸಿಸ್ಟರ್ ಹತ್ತಿಯಿಂದ ಕೆನ್ನೆ ಒರೆಸತೊಡಗಿದರು.

"ಎಣ್ಣಿ ತಗೀಬ್ಯಾಡ್ರಿ, ಕೂಸಿಗೆ ಥಂಡಿ ಹತ್ತತೈತಿ," ಎಂದರು ಬಾಗಿಲಲ್ಲಿದ್ದ ಅಜ್ಜಿ.

"ಬರೇ ಗಲ್ಲ ಒರಸಾಕತ್ತೀನ್ರಿ ಆಯಿ. ಹೋಳಿಗಿಗೆ ತುಪ್ಪ ಹಾಕಿದಂಗ ಹಾಕೀರಲ್ಲ," ಎಂದರು ಸಿಸ್ಟರ್.

ಕೊನೆಗೆ ಪಟ್ಟಿ ಹಿಡಿಯಿತು.

"ಈಗ ಕೈ ಬಿಡ್ರಿ ಮೇಡಮ್."

ಬಿಡಲು ನನಗೆ ಧೈರ್ಯ ಬರಲಿಲ್ಲ. ಸಿಸ್ಟರ್ ಮತ್ತೊಮ್ಮೆ ಹೇಳಬೇಕಾಯಿತು.

ಕೆಲವು ದಿನಗಳಲ್ಲಿ ಕೂಸು ನಳಿಕೆಯಿಲ್ಲದೆ ಉಸಿರಾಡಿತು. ಈಗ ನಾವು ನಳಿಕೆ ಹಾಕುವ ಮೊದಲೇ ಕೆನ್ನೆ ಒರೆಸಿ ಒಣಗಿಸುತ್ತೇವೆ. ಪಟ್ಟಿ ಗಟ್ಟಿಯಾಗಿ ಕೂತರೂ ನಾನು ಎದ್ದುಹೋಗಿ ನೋಡಿ ಬರುತ್ತೇನೆ. ಕುರ್ಚಿಯಲ್ಲಿ ಕೂತೊಡನೆ ಮತ್ತೆ ಏಳುತ್ತೇನೆ.